ಟ್ವೀಡ್ ಡಿಲಕ್ಸ್ 5ಇ3 ನಕಲು: ನಮ್ಮ 230 ವೋಲ್ಟ್ ಕರೆಂಟಿಗೆ ಕಟ್ಟುವಾಗ ಏನೇನು ನೋಡಬೇಕು?

ಟ್ವೀಡ್_ಹುಡುಗ

ಎಲ್ಲರಿಗೂ ನಮಸ್ಕಾರ. ಫೆಂಡರ್ ಕಂಪನಿ 1950ರ ದಶಕದಲ್ಲಿ ಮಾಡಿದ ವಾಲ್ವ್ ಗಿಟಾರ್ ಆಂಪ್ (ಆಂಪ್ಲಿಫೈಯರ್) ಟ್ವೀಡ್ ಡಿಲಕ್ಸಿನ 5ಇ3 ಅನ್ನುವ ಸರ್ಕ್ಯೂಟು ಕಟ್ಟುತ್ತಿದ್ದೇನೆ. ಬೋರ್ಡಿನ ಬೆಸುಗೆ ಮುಗಿದಿದೆ, ಟ್ರಾನ್ಸ್‌ಫಾರ್ಮರ್ ಇನ್ನೂ ಕೂರಿಸಿಲ್ಲ. ಗೊತ್ತಿದ್ದವರು ಮೂರು ವಿಷಯ ತಿಳಿಸಿ.

ಪವರ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಗೆ (ಮೇನ್ಸ್ ಸೇರುವ ಸುರುಳಿ) 220, 240 ಅಂತ ಎರಡು ಟ್ಯಾಪ್, ಅಂದರೆ ವೈರು ಸೇರಿಸುವ ತುದಿ, ಇವೆ. ಇಲ್ಲಿಗೆ ಯಾವುದು ಸರಿ? ಹಳೆಯ ಧ್ವನಿ ಬೇಕು ಅಂದರೆ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರು, ಎಣ್ಣೆ ಕಾಗದದ ಕೆಪಾಸಿಟರು ಹಾಕಲೇಬೇಕಾ? ಇದೇ ಸರ್ಕ್ಯೂಟನ್ನು ಕೈಯಲ್ಲಿ ಕೆಲವೇ ಆಂಪ್ ಕಟ್ಟುವ ಬುಟೀಕ್ ತಯಾರಕರು ಅಷ್ಟು ಬೆಲೆಗೆ ಮಾರುತ್ತಾರಲ್ಲ, ಅವರು ಹೆಚ್ಚಿಗೆ ಮಾಡುವುದು ಏನು?

ಹಳೇ_ರೇಡಿಯೋ

240. ಅದರಲ್ಲಿ ಯೋಚನೆಯೇ ಬೇಡ.

ಲೆಕ್ಕ ನೋಡಿ. ರಾತ್ರಿ ಹೊತ್ತು ಲೋಡ್ ಇಳಿದಾಗ ಎಷ್ಟೋ ಮನೆಗಳಲ್ಲಿ 240 ದಾಟುತ್ತದೆ. 220 ಟ್ಯಾಪಿಗೆ 240 ಕೊಟ್ಟರೆ ಸೆಕೆಂಡರಿಯಲ್ಲಿ (ಆಂಪಿನ ಒಳಗೆ ವೋಲ್ಟೇಜು ಕೊಡುವ ಸುರುಳಿ) ಎಲ್ಲವೂ ಶೇಕಡಾ 9 ಏರುತ್ತದೆ. ವಾಲ್ವನ್ನು ಒಳಗಿಂದ ಬಿಸಿ ಮಾಡುವ 6.3 ವೋಲ್ಟ್ ಹೀಟರ್ 6.87 ಆಯಿತು. ವಾಲ್ವಿಗೆ ಹೀಟರ್ ಮಿತಿ ಶೇಕಡಾ 10, ಅಂದರೆ ಅಂಚಿಗೆ ಬಂದು ನಿಂತಹಾಗೆ. ಜೊತೆಗೆ ಬಿ ಪ್ಲಸ್ (ವಾಲ್ವುಗಳಿಗೆ ಕೊಡುವ ಹೆಚ್ಚಿನ ಡಿಸಿ ವೋಲ್ಟೇಜು) ಕೂಡ ಅಷ್ಟೇ ಏರಿ ಔಟ್‌ಪುಟ್ ವಾಲ್ವು 6ವಿ6 ಮೇಲೆ ಭಾರ ಬೀಳುತ್ತದೆ.

ಇನ್ನೊಂದು ವಿಷಯ ಎಷ್ಟೋ ಜನರ ಕಣ್ಣಿಗೆ ಬೀಳುವುದಿಲ್ಲ. 5ವೈ3 ನೇರ ಫಿಲಮೆಂಟಿನ ರೆಕ್ಟಿಫೈಯರ್, ಅಂದರೆ ಎಸಿಯನ್ನು ಡಿಸಿ ಮಾಡುವ ವಾಲ್ವು. ಸ್ವಿಚ್ ಒತ್ತಿದ ಎರಡು ಮೂರು ಸೆಕೆಂಡಿಗೇ ಅದು ತಯಾರು, ಆದರೆ 6ವಿ6 ಬಿಸಿಯಾಗಲು ಹತ್ತು ಸೆಕೆಂಡಿಗೂ ಹೆಚ್ಚು ಬೇಕು. ಆ ನಡುವೆ ಕರೆಂಟ್ ಎಳೆಯುವವರು ಯಾರೂ ಇಲ್ಲ, ಹಾಗಾಗಿ ಫಿಲ್ಟರ್ ಕೆಪಾಸಿಟರಿನ ಮೇಲೆ ಪೂರ್ತಿ ಪೀಕ್ ವೋಲ್ಟೇಜು ಬಂದು ಕೂರುತ್ತದೆ. 325-0-325 ಟ್ರಾನ್ಸ್‌ಫಾರ್ಮರಿಗೆ ಅದು 460 ವೋಲ್ಟ್. 230 ಇರಬೇಕಾದ ಕಡೆ 245 ಬಂದರೆ 490. ಮೂಲ ನಕ್ಷೆಯಲ್ಲಿರುವುದು 16 ಮೈಕ್ರೋಫ್ಯಾರಡ್, 450 ವೋಲ್ಟಿನ ಮೂರು ಕೆಪಾಸಿಟರು. ಅದೇ 450ರದ್ದು ತಂದು ಹಾಕಬೇಡಿ, 500 ವೋಲ್ಟಿನದ್ದೇ ಬೇಕು. ಮೈಕ್ರೋಫ್ಯಾರಡ್ 16 ಆದರೂ 22 ಆದರೂ ನಡೆಯುತ್ತದೆ. ಹಮ್ (ಗುಂಯ್ ಸದ್ದು) ಕಡಿಮೆಯಾಗಲಿ ಅಂತ ಮೊದಲನೆಯದನ್ನು 47ಕ್ಕೆ ಏರಿಸಿದರೆ 5ವೈ3 ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಹೊಡೆತ ತಿನ್ನುತ್ತದೆ, ಜೊತೆಗೆ ಗಟ್ಟಿಯಾಗಿ ಮೀಟಿದಾಗ ವೋಲ್ಟೇಜು ಕುಸಿದು ಏಳುವ ಆ ಮೆತ್ತನೆಯ ಗುಣವೂ ಹೋಗುತ್ತದೆ. ಟ್ವೀಡ್ ಕಟ್ಟುವುದೇ ಆ ಗುಣಕ್ಕೆ.

ಗ್ರಿಡ್_ಲೀಕ್

240 ಟ್ಯಾಪ್ ಇಲ್ಲದ ಟ್ರಾನ್ಸ್‌ಫಾರ್ಮರ್ ಸಿಕ್ಕಿದವರಿಗೆ ಒಂದು ದಾರಿ ಇದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಎಲ್ಲಾ ಅಂಗಡಿಯಲ್ಲೂ ಸಿಗೋ 230ಕ್ಕೆ 12 ವೋಲ್ಟಿನ, 1 ಆಂಪಿಯರ್ ಟ್ರಾನ್ಸ್‌ಫಾರ್ಮರ್ ತಗೊಳ್ಳಿ. ಅದರ ಪ್ರೈಮರಿ ಮೇನ್ಸಿಗೆ, 12 ವೋಲ್ಟಿನ ಸೆಕೆಂಡರಿಯನ್ನ ಆಂಪಿನ ಫೇಸ್ ವೈರಿಗೆ ಸಿರೀಸಲ್ಲಿ, ಉಲ್ಟಾ ದಿಕ್ಕಲ್ಲಿ. ಗೋಡೆಯಲ್ಲಿ 242 ಇದ್ರೆ ಆಂಪಿಗೆ ಸುಮಾರು 229 ಹೋಗುತ್ತೆ. ಮೊದಲು ಆಂಪ್ ಇಲ್ಲದೆ ಮೀಟರ್ ಇಟ್ಟು ನೋಡಿ. ಓದು 254 ಬಂದ್ರೆ ದಿಕ್ಕು ತಪ್ಪಿದೆ, ಸೆಕೆಂಡರಿಯ ಎರಡು ತುದಿ ಅದಲು ಬದಲು ಮಾಡಿ. 5ಇ3 ಗೋಡೆಯಿಂದ ಎಳೆಯೋದು 70-80 ವಿಎ ಅಷ್ಟೇ, 0.35 ಆಂಪಿಯರ್ ಹತ್ತಿರ. 1 ಆಂಪಿಯರ್ ಧಾರಾಳ. ಇದನ್ನ ತೆರೆದಿಡಬೇಡಿ, ಅರ್ಥ್ ಮಾಡಿದ ಲೋಹದ ಡಬ್ಬಿ ಒಳಗೆ ಹಾಕಿ.

ಮೇನ್ಸ್ ಫ್ಯೂಸ್ 630 ಮಿಲಿಆಂಪ್ ಅಥವಾ 1 ಆಂಪಿಯರ್, ಸ್ಲೋ ಬ್ಲೋ. ಅಮೆರಿಕದ ನಕ್ಷೆ ನೋಡಿ 2 ಆಂಪಿಯರ್ ಹಾಕಿದ್ರೆ ಟ್ರಾನ್ಸ್‌ಫಾರ್ಮರ್ ಸುಟ್ಟ ಮೇಲೂ ಫ್ಯೂಸ್ ಗಟ್ಟಿಯಾಗೇ ಇರುತ್ತೆ.

ಬೇ_ಏರಿಯಾ_ಕನ್ನಡಿಗ

ಅಮೆರಿಕದಿಂದ ಹಳೆಯ ಆಂಪನ್ನೋ ಅಲ್ಲಿಯ ಬುಟೀಕ್ ಆಂಪನ್ನೋ ಊರಿಗೆ ಒಯ್ಯುವವರಿಗೂ ಇದನ್ನು ಸೇರಿಸುತ್ತೇನೆ. ಸ್ಟೆಪ್ ಡೌನ್ ಹಾಕಿ 120 ವೋಲ್ಟ್ ಕೊಟ್ಟರೆ ಸಾಕು ಎಂದುಕೊಳ್ಳುತ್ತಾರೆ. ಅಲ್ಲಿ 60 ಹರ್ಟ್ಸ್, ನಮ್ಮಲ್ಲಿ 50. ಕೋರಿನ ಮೇಲಿನ ಫ್ಲಕ್ಸ್ ವೋಲ್ಟೇಜನ್ನು ಫ್ರೀಕ್ವೆನ್ಸಿಯಿಂದ ಭಾಗಿಸಿದಷ್ಟು, ಹಾಗಾಗಿ ಅದೇ 120 ವೋಲ್ಟಿಗೆ ಶೇಕಡಾ 20 ಹೆಚ್ಚು ಫ್ಲಕ್ಸ್. 60 ಹರ್ಟ್ಸಿಗೆ ಅಂತಲೇ ಕಬ್ಬಿಣ ಉಳಿಸಿ ಸುತ್ತಿದ ಟ್ರಾನ್ಸ್‌ಫಾರ್ಮರ್ ಅರ್ಧ ಗಂಟೆಯಲ್ಲಿ ಕೈ ಇಡಲಾಗದಷ್ಟು ಕಾಯುತ್ತದೆ, ಗುಂಯ್ ಎನ್ನುತ್ತದೆ. 100 ವೋಲ್ಟಿಗೆ ಇಳಿಸಿದರೆ ಫ್ಲಕ್ಸ್ ಸರಿಹೋಗುತ್ತದೆ, ಆದರೆ ಹೀಟರ್ 5.25ಕ್ಕೆ ಬೀಳುತ್ತದೆ, ಅದೂ ಆಗದು. 50/60 ಎಂದು ಬರೆದಿರುವ ಟ್ರಾನ್ಸ್‌ಫಾರ್ಮರ್ ಆದರೆ ತೊಂದರೆಯಿಲ್ಲ. ಇಲ್ಲದಿದ್ದರೆ ಬದಲಿಸುವುದೇ ಸರಿ, ಹಳೆಯದನ್ನು ಬಿಸಾಡದೆ ಜೋಪಾನವಾಗಿ ಇಡಿ.

1950ರ ದಶಕದ ಮೂಲ ಆಂಪ್ ಆಗಿದ್ದರೆ ಎರಡು ಪಿನ್ನಿನ ಪ್ಲಗ್, ಗ್ರೌಂಡ್ ಸ್ವಿಚ್, ಮೇನ್ಸಿನಿಂದ ಚಾಸಿಗೆ (ಆಂಪಿನ ಲೋಹದ ತಟ್ಟೆ) ಹೋಗುವ 0.05 ಮೈಕ್ರೋಫ್ಯಾರಡ್ ಕೆಪಾಸಿಟರ್ ಇರುತ್ತದೆ. 230 ವೋಲ್ಟ್, 50 ಹರ್ಟ್ಸಿಗೆ ಅದರ ಮೂಲಕ 3.6 ಮಿಲಿಆಂಪ್ ಹರಿಯುತ್ತದೆ. ಗಿಟಾರಿನ ತಂತಿ ಮುಟ್ಟಿದ ಕೈಗೆ ಜುಂ ಎನ್ನಲು ಅಷ್ಟು ಸಾಕು. ಅದು ಶಾರ್ಟ್ ಆದರೆ ಚಾಸಿಯೇ ಫೇಸ್. ಮೊದಲು ಅದನ್ನು ಕತ್ತರಿಸಿ ತೆಗೆದು ಮೂರು ಪಿನ್ನಿನ ಕೇಬಲ್ ಹಾಕಿ. ಹಸಿರು ವೈರಿಗೆ ಪ್ರತ್ಯೇಕ ಬೋಲ್ಟು ಇರಲಿ, ಟ್ರಾನ್ಸ್‌ಫಾರ್ಮರಿನ ಬೋಲ್ಟಿಗೆ ಸೇರಿಸಬೇಡಿ.

ಕರಾವಳಿ_ಟೋನ್

ಎರಡನೇ ಪ್ರಶ್ನೆಗೆ ನಾನು ಹೇಳ್ತೇನೆ. ಕಾರ್ಬನ್ ಕಾಂಪೊಸಿಷನ್ ಬೇಡ ಮಾರಾಯ್ರೆ, ಅದರಲ್ಲೂ ನಮ್ಮ ಮಂಗಳೂರು ಉಡುಪಿ ಕಡೆಯ ಹವೆಗೆ. ಅದು ತೇವ ಹೀರಿ ಪ್ರತಿರೋಧ ಏರಿಸಿಕೊಳ್ತದೆ. 100 ಕೆ ಇದ್ದದ್ದು ಎರಡು ಮಳೆಗಾಲ ಕಳೆದ ಮೇಲೆ 115, 120 ಕೆ ಓದುವುದುಂಟು. ಜೊತೆಗೆ ಚರಚರ ಸದ್ದು. ಪ್ಲೇಟಿನ (ವಾಲ್ವಿನಲ್ಲಿ ಹೆಚ್ಚು ವೋಲ್ಟೇಜು ಇರುವ ತುದಿ) 100 ಕೆ ರೆಸಿಸ್ಟರಿನ ಜಾಗಕ್ಕೆ 1 ವ್ಯಾಟಿನ ಮೆಟಲ್ ಫಿಲ್ಮ್ ಹಾಕಿ, ಹಿಸ್ಸ್ ಎಷ್ಟು ಇಳಿಯಿತು ಎನ್ನುವುದು ಕಿವಿಗೇ ಗೊತ್ತಾಗ್ತದೆ. ಫೇಸ್ ಇನ್ವರ್ಟರಿನ (ಸಿಗ್ನಲನ್ನು ಒಂದಕ್ಕೊಂದು ಉಲ್ಟಾ ಆದ ಎರಡಾಗಿ ಮಾಡಿ 6ವಿ6 ಜೋಡಿಗೆ ಕೊಡುವ ಹಂತ) ಎರಡು 56 ಕೆ ಮಾತ್ರ ಮೀಟರಿನಲ್ಲಿ ಅಳೆದು ಜೋಡಿ ಆರಿಸಿ, ಶೇಕಡಾ 1ರೊಳಗೆ ಇರಲಿ.

ಬೋರ್ಡು ಕೂಡ ಅಷ್ಟೇ. ಹಳೆಯ ಫೆಂಡರಿನ ಕಪ್ಪು ಫೈಬರ್ ಬೋರ್ಡು ಚಂದ ಉಂಟು, ಆದರೆ ತೇವ ಹಿಡಿದರೆ ಬೋರ್ಡೇ ಕರೆಂಟ್ ಸಾಗಿಸ್ತದೆ. ಪ್ಲೇಟಿನ 200 ವೋಲ್ಟ್ ಪಕ್ಕದ ಗ್ರಿಡ್ಡಿನ (ವಾಲ್ವಿಗೆ ಸಿಗ್ನಲ್ ಒಳಹೋಗುವ ತುದಿ) ಬೆಸುಗೆ ಕಣ್ಣಿಗೆ ಸೋರಿದರೆ ವಾಲ್ಯೂಮ್ ತಿರುಗಿಸುವಾಗ ಕರಕರ. ಪಾಟ್ (ತಿರುಗಿಸುವ ವಾಲ್ಯೂಮ್ ಕಂಟ್ರೋಲು) ಹಾಳಾಯಿತು ಅಂತ ಪಾಟ್ ಬದಲಿಸ್ತಾರೆ, ಸದ್ದು ಹೋಗುವುದಿಲ್ಲ. ಪರೀಕ್ಷೆ ಸುಲಭ: ಮೀಟರಿನ ಕಪ್ಪು ಕಡ್ಡಿ ಚಾಸಿಗೆ, ಕೆಂಪು ಕಡ್ಡಿ ಬೋರ್ಡಿನ ಖಾಲಿ ಜಾಗಕ್ಕೆ ಒತ್ತಿ. ಖಾಲಿ ಜಾಗದಲ್ಲಿ ವೋಲ್ಟ್ ಕಾಣಿಸಿದರೆ ಬೋರ್ಡು ಸೋರ್ತಾ ಉಂಟು. ಹೊಸದಾಗಿ ಕಟ್ಟುವವರು ಗ್ಲಾಸ್ ಎಪಾಕ್ಸಿ ಬೋರ್ಡು ತಗೊಳ್ಳಿ.

ಎಂಟು_ಓಮ್

ಕರಾವಳಿ ಅವರ ಮಾತನ್ನು ಒಪ್ಪುತ್ತೇನೆ, ಒಂದು ಕಡೆ ಬಿಟ್ಟು. ಪ್ಲೇಟ್ ಮೇಲೆ ನೂರಾರು ವೋಲ್ಟ್ ತೂಗುವ ಕಡೆ ಕಾರ್ಬನ್ ಕಾಂಪೊಸಿಷನ್ ರೆಸಿಸ್ಟರಿನ ಪ್ರತಿರೋಧ ವೋಲ್ಟೇಜಿನ ಜೊತೆ ಸ್ವಲ್ಪ ಅಲುಗಾಡುತ್ತದೆ, ಅದರಿಂದ ಸಣ್ಣ ಪ್ರಮಾಣದ ಎರಡನೇ ಹಾರ್ಮೋನಿಕ್ ಬರುತ್ತದೆ ಎನ್ನುವುದು ನಿಜ. ಆದರೆ ಅದು ಗಮನಕ್ಕೆ ಬರಬೇಕಾದರೆ ಸಿಗ್ನಲ್ ತುಂಬಾ ದೊಡ್ಡದಿರಬೇಕು. 5ಇ3ರಲ್ಲಿ ಅಂಥ ಜಾಗ ಫೇಸ್ ಇನ್ವರ್ಟರ್ ಒಂದೇ. ಅಲ್ಲಿ ಬೇಕಿದ್ದರೆ ಹಾಕಿ ನೋಡಬಹುದು, ಮೊದಲ ಹಂತದಲ್ಲಿ ಹಾಕಿದರೆ ಹಿಸ್ಸ್ ಬಿಟ್ಟು ಬೇರೇನೂ ಸಿಗುವುದಿಲ್ಲ.

ಕೆಪಾಸಿಟರಿನ ವಿಷಯದಲ್ಲಿ ಜಾತಿಗಿಂತ ಸೋರಿಕೆ ಮುಖ್ಯ. 6ವಿ6 ಎರಡನ್ನೂ ಕಿತ್ತು, ಆಂಪ್ ಚಾಲೂ ಇಟ್ಟು, ಸಾಕೆಟ್ಟಿನ 5ನೇ ಪಿನ್ನಿನಲ್ಲಿ (ಗ್ರಿಡ್) ಡಿಸಿ ಅಳೆಯಿರಿ. ಸೊನ್ನೆಗೆ ಹತ್ತಿರ ಇರಬೇಕು. 0.1 ವೋಲ್ಟ್ ದಾಟಿದರೆ ಆ ಕಪ್ಲಿಂಗ್ ಕೆಪಾಸಿಟರ್ (ಒಂದು ಹಂತದ ಸಿಗ್ನಲನ್ನು ಮುಂದಿನದಕ್ಕೆ ದಾಟಿಸುವುದು) ಸೋರುತ್ತಿದೆ, ವಾಲ್ವಿನ ಬಯಾಸ್, ಅಂದರೆ ಗ್ರಿಡ್ಡಿನ ನೆಲೆ ವೋಲ್ಟೇಜು, ಹಾಳಾಗುತ್ತದೆ. 630 ವೋಲ್ಟಿನ ಸಾಧಾರಣ ಪಾಲಿಪ್ರೊಪಿಲೀನ್ ಹಾಕಿದರೆ ಈ ತಲೆನೋವೇ ಇಲ್ಲ.

ಧ್ವನಿ ಎಲ್ಲಿದೆ ಅಂದರೆ, ಸ್ಪೀಕರಿನಲ್ಲಿದೆ. 5ಇ3ಗೆ ನೆಗೆಟಿವ್ ಫೀಡ್‌ಬ್ಯಾಕ್ (ಔಟ್‌ಪುಟ್ಟಿನ ಒಂದು ಪಾಲನ್ನು ಹಿಂದಕ್ಕೆ ಕೊಟ್ಟು ತಿದ್ದುವ ಲೂಪ್) ಇಲ್ಲ. ಹಾಗಾಗಿ ಔಟ್‌ಪುಟ್ಟಿನ ಒಳ ಪ್ರತಿರೋಧ ಜಾಸ್ತಿ, ಸ್ಪೀಕರನ್ನು ಅದು ಹಿಡಿದು ನಿಲ್ಲಿಸುವುದಿಲ್ಲ. ಸ್ಪೀಕರ್ ತನ್ನ ರೆಸೊನೆನ್ಸಿನಲ್ಲಿ ಹೇಗೆ ಉಬ್ಬುತ್ತದೋ ಹಾಗೇ ಕೇಳುತ್ತದೆ. ಮೂಲದಲ್ಲಿದ್ದದ್ದು 12 ಇಂಚಿನ ಜೆನ್ಸನ್ ಪಿ12ಆರ್, 8 ಓಮ್. ಅದರ ಈಗಿನ ಮರುತಯಾರಿಕೆ ಹಾಕಬಹುದು. ಸೆಲೆಸ್ಟಿಯನ್ ಆಲ್ನಿಕೋ ಬ್ಲೂ 15 ವ್ಯಾಟಿನದು, ಆಂಪು 12 ವ್ಯಾಟಿನ ಆಸುಪಾಸು, ಸಾಕಾಗುತ್ತದೆ. ಇನ್ನೂ ಜೋರಾಗಿ ಕೇಳುತ್ತದೆ. ದುಡ್ಡು ಉಳಿದರೆ ಅದನ್ನು ಇಲ್ಲಿ ಹಾಕಿ, ಎಣ್ಣೆ ಕಾಗದಕ್ಕಲ್ಲ.

ಹಳೇ_ರೇಡಿಯೋ

ಮೂರನೇ ಪ್ರಶ್ನೆ. ಬುಟೀಕ್ ತಯಾರಕರ ಬಳಿ ಗುಟ್ಟಿನ ನಕ್ಷೆ ಏನೂ ಇಲ್ಲ. ಈ ನಕಲಿನ ಪರಂಪರೆ ಹಳೆಯದು. 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅಂಗಡಿಯಲ್ಲಿ ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್ ಸೇರಿ ಮಾಡಿದ ಜೆಟಿಎಂ45 ಆಂಪ್, ಫೆಂಡರ್ ಬಾಸ್‌ಮನ್ 5ಎಫ್6-ಎ ಸರ್ಕ್ಯೂಟಿನದೇ ಪ್ರತಿ. ಇಂಗ್ಲೆಂಡಿನಲ್ಲಿ ಸಿಗುವ ಭಾಗ ಹಾಕಿದರು: ಮೊದಲ ಹಂತದಲ್ಲಿ 12ಎವೈ7 ವಾಲ್ವಿನ ಬದಲು ಇಸಿಸಿ83, ಮುಂದೆ ಔಟ್‌ಪುಟ್ಟಿಗೆ ಕೆಟಿ66 ವಾಲ್ವು, ಸೆಲೆಸ್ಟಿಯನ್ ಸ್ಪೀಕರು, ಹಿಂಬದಿ ಮುಚ್ಚಿದ ಪೆಟ್ಟಿಗೆ. ನಕ್ಷೆ ಅದೇ, ಸದ್ದು ಬೇರೆಯೇ ಆಯಿತು. ಹಳೆಯ ವಿನ್ಯಾಸ ಹಿಡಿದು ಹೊಸದು ಮಾಡುವುದು ಅಂದರೆ ಇದು.

ಮುಂದೆ ಕ್ಯಾಲಿಫೋರ್ನಿಯಾದ ಅಲೆಕ್ಸಾಂಡರ್ ಡಂಬಲ್, ಆಂಪೆಗ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ನ್ಯೂಜೆರ್ಸಿಯ ಕೆನ್ ಫಿಷರ್, ಇವರು ಒಂದೊಂದೇ ಆಂಪನ್ನು ಕೈಯಲ್ಲಿ ಕಟ್ಟಿದರು. ಫಿಷರ್ ಅವರ ಟ್ರೈನ್‌ರೆಕ್ ಆಂಪಿನ ಒಳಗೆ ಭಾಗಗಳು ಹೆಚ್ಚಿಲ್ಲ, ಆದರೆ ಯಾವ ವೈರು ಯಾವುದರ ಪಕ್ಕ, ಎಷ್ಟು ದೂರದಲ್ಲಿ ಹೋಗಬೇಕು ಎನ್ನುವುದೇ ಅಲ್ಲಿಯ ವಿದ್ಯೆ. 1989ರಲ್ಲಿ ಶುರುವಾದ ಮ್ಯಾಚ್‌ಲೆಸ್, ವಾಕ್ಸ್ ಎಸಿ30 ಹಿಡಿದು ಡಿಸಿ-30 ಮಾಡಿತು. ಇಲಿನಾಯ್ ರಾಜ್ಯದ ವಿಕ್ಟೋರಿಯಾ ಟ್ವೀಡ್ ಮಾದರಿಗಳನ್ನೇ ಹಿಡಿದುಕೊಂಡಿತು.

ಬೆಲೆ ಎಲ್ಲಿಗೆ ಹೋಗುತ್ತದೆ ಅಂದರೆ: ಕೈಬೆಸುಗೆಯ ಗಂಟೆಗಳು, ಹಳೆಯ ಟ್ರಾನ್ಸ್‌ಫಾರ್ಮರ್ ಬಿಚ್ಚಿ ಪದರ ಎಣಿಸಿ ಅದೇ ರೀತಿ ಸುತ್ತಿಸಿದ ಔಟ್‌ಪುಟ್ ಟ್ರಾನ್ಸ್‌ಫಾರ್ಮರು, ಮೂಲೆಗಳನ್ನು ಬೆರಳು ಹೆಣೆದಂತೆ ಕೂಡಿಸಿದ ಗಟ್ಟಿ ಪೈನ್ ಮರದ ಪೆಟ್ಟಿಗೆ, ಪರೀಕ್ಷಿಸಿ ಆರಿಸಿದ ವಾಲ್ವು. ಎಲ್ಲಕ್ಕಿಂತ ಹೆಚ್ಚಾಗಿ, ಪ್ರತಿ ಪಿನ್ನಿನ ವೋಲ್ಟೇಜು ಹಳೆಯ ಆಂಪಿನಲ್ಲಿದ್ದಷ್ಟೇ ಬರುವ ತನಕ ಅವರು ಬಿಡುವುದಿಲ್ಲ. ಈ ಕೊನೆಯದನ್ನು 500 ರೂಪಾಯಿಯ ಮೀಟರ್ ಇದ್ದವರೂ ಮಾಡಬಹುದು.

ದಾವಣಗೆರೆ_ಬ್ಲೂಸ್

ಮಾತಿನ ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಕಟ್ಟಿ ಮುಗಿದಿರೋ 5ಇ3 ಒಂದು ಮುಂದೆ ಐತಿ. ಹತ್ತು ನಿಮಿಷ ಚೆಂದ ನುಡಿತದ, ಆಮೇಲೆ ಸದ್ದು ಮಂಕಾಗ್ತದ. ದೀಪ ಆರಿಸಿ ನೋಡಿದ್ರ ಒಂದು 6ವಿ6ನ ಬೂದು ಪ್ಲೇಟಿನ ನಡುಮಧ್ಯೆ, ಜೋಡಣೆಯ ಗೆರೆ ಪಕ್ಕ, ಉಗುರಿನಷ್ಟು ಜಾಗ ಮಂದ ಕೆಂಪಗ ಕಾಣ್ತದ. ಫಿಲಮೆಂಟಿನ ಕೇಸರಿ ಬೆಳಕಲ್ಲ, ಪ್ಲೇಟೇ ಕೆಂಪು. ಓದು ಹಿಂಗದಾವ:

ಗೋಡೆ 243. ಹೀಟರ್ 6.95. 6ವಿ6ನ 3ನೇ ಪಿನ್ (ಪ್ಲೇಟ್) 386. 8ನೇ ಪಿನ್ (ಕ್ಯಾಥೋಡ್) 24. ಕ್ಯಾಥೋಡ್ ರೆಸಿಸ್ಟರ್ 250 ಓಮ್, 5 ವ್ಯಾಟ್. ವಾಲ್ವ್ ಹಾಳಾಗ್ಯಾವೇನ್ರೀ?

ಹಳೇ_ರೇಡಿಯೋ

ವಾಲ್ವ್ ತಪ್ಪಲ್ಲ. ನಿಮ್ಮದು 220 ಟ್ಯಾಪಿನಲ್ಲಿದೆ, ಹೀಟರಿನ 6.95 ನೋಡಿದರೇ ಗೊತ್ತಾಗುತ್ತದೆ.

ಲೆಕ್ಕ ಹೀಗೆ. 24 ವೋಲ್ಟನ್ನು 250 ಓಮಿನಿಂದ ಭಾಗಿಸಿದರೆ 96 ಮಿಲಿಆಂಪ್. ಇದು ಎರಡೂ ವಾಲ್ವಿನದು, ಸ್ಕ್ರೀನ್ ಕೂಡ ಸೇರಿ. ಸ್ಕ್ರೀನಿಗೆ 6 ಕಳೆಯಿರಿ, ಉಳಿದ 90ರಲ್ಲಿ ಒಂದೊಂದಕ್ಕೆ 45. ಪ್ಲೇಟ್ ಮತ್ತು ಕ್ಯಾಥೋಡ್ ನಡುವೆ 386ರಲ್ಲಿ 24 ಕಳೆದರೆ 362 ವೋಲ್ಟ್. 362 ಗುಣಿಸು 0.045, ಅಂದರೆ 16.3 ವ್ಯಾಟ್. 6ವಿ6ಜಿಟಿಗೆ ಹಳೆಯ ಡೇಟಾ ಶೀಟಿನ ಮಿತಿ 12, ಆಮೇಲಿನ ಲೆಕ್ಕದಲ್ಲಿ 14. ಕೆಂಪಾಗದೆ ಇನ್ನೇನಾಗುತ್ತದೆ.

ಆಫ್ ಮಾಡಿ, ಪ್ಲಗ್ ಕಿತ್ತು, ಮೊದಲ ಫಿಲ್ಟರ್ ಕೆಪಾಸಿಟರಿನ ಮೇಲೆ ಮೀಟರ್ ಇಟ್ಟು 10 ವೋಲ್ಟಿಗಿಂತ ಕೆಳಗೆ ಬರುವ ತನಕ ಕೈ ಹಾಕಬೇಡಿ. ಅಲ್ಲೇ 100 ಕೆ, 2 ವ್ಯಾಟಿನ ಎರಡು ರೆಸಿಸ್ಟರನ್ನು ಸಿರೀಸಲ್ಲಿ ಶಾಶ್ವತವಾಗಿ ಹಾಕಿಬಿಡಿ, ಸುಮಾರು ಒಂದು ನಿಮಿಷದಲ್ಲಿ ಖಾಲಿಯಾಗುತ್ತದೆ. ಆಮೇಲೆ ಪ್ರೈಮರಿಯನ್ನು 240ಕ್ಕೆ ಬದಲಿಸಿ. ಬಿಟ್ಟ 220 ವೈರಿನ ತುದಿಗೆ ಹೀಟ್ ಶ್ರಿಂಕ್ ಹಾಕಿ ಕಟ್ಟಿ, ಅದರಲ್ಲೂ ಮೇನ್ಸ್ ಇರುತ್ತದೆ. ಮತ್ತೆ ಅಳೆದು ತಿಳಿಸಿ.

ಗ್ರಿಡ್_ಲೀಕ್

ಇನ್ನೊಂದು ನೋಡಿ, 5ವೈ3 ಅಂತ ಮಾರೋ ಈಗಿನ ಕೆಲವು ವಾಲ್ವು ಹಳೆಯದಕ್ಕಿಂತ ಕಡಿಮೆ ವೋಲ್ಟ್ ಬೀಳಿಸ್ತವೆ. ಅದರಿಂದಲೇ ಬಿ ಪ್ಲಸ್ 20 ವೋಲ್ಟ್ ಏರಿರಬಹುದು. ಟ್ಯಾಪ್ ಬದಲಿಸಿದ ಮೇಲೂ ಜಾಸ್ತಿ ಇದ್ರೆ ಬೇರೆ 5ವೈ3 ಹಾಕಿ ಅಳೆಯಿರಿ.

ಎರಡೂ 6ವಿ6ನ 4ನೇ ಪಿನ್ನಿಗೆ (ಸ್ಕ್ರೀನ್) 470 ಓಮ್, 1 ವ್ಯಾಟಿನ ರೆಸಿಸ್ಟರ್ ಒಂದೊಂದು, 5ನೇ ಪಿನ್ನಿಗೆ 1.5 ಕೆ ಒಂದೊಂದು ಹಾಕಿ. ಮೂಲ 5ಇ3ರಲ್ಲಿ ಇವು ಇರಲಿಲ್ಲ, ಆದ್ರೆ ಸ್ಕ್ರೀನ್ ಸುಡೋದು ತಪ್ಪುತ್ತೆ.

ಟ್ವೀಡ್_ಹುಡುಗ

ನನ್ನದು 240ರಲ್ಲೇ ಕೂರಿಸಿದೆ, ತುಂಬಾ ಉಪಕಾರ. ಮೊದಲ ಸಲ ಕರೆಂಟ್ ಕೊಡುವ ಕ್ರಮ ಹೇಗೆ? ಗುಂಯ್ ಅಂದರೆ ಎಲ್ಲಿಂದ ಹುಡುಕಬೇಕು?

ಎಂಟು_ಓಮ್

60 ವ್ಯಾಟಿನ ಫಿಲಮೆಂಟ್ ಬಲ್ಬನ್ನು ಫೇಸ್ ವೈರಿಗೆ ಸಿರೀಸಲ್ಲಿ ಹಾಕಿ. ಎಲ್‌ಇಡಿ ಆಗದು. ಮೊದಲು ಯಾವ ವಾಲ್ವೂ ಇಲ್ಲದೆ: ಬಲ್ಬು ಒಮ್ಮೆ ಮಿನುಗಿ ಮಂಕಾಗಬೇಕು. ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ಅಲ್ಲಿಗೇ ನಿಲ್ಲಿಸಿ. ಮಂಕಾದರೆ 5ವೈ3ನ 4 ಮತ್ತು 6ನೇ ಪಿನ್ನಿಗೆ ಸಮನಾದ ಎಸಿ ಬರುತ್ತಿದೆಯಾ ನೋಡಿ. ಆಮೇಲೆ ಎಲ್ಲಾ ವಾಲ್ವು, ಸ್ಪೀಕರ್ ಜೋಡಿಸಿಯೇ. ಸ್ಪೀಕರ್ ಇಲ್ಲದೆ ಸಿಗ್ನಲ್ ಕೊಟ್ಟರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಒಳಗೆ ಕಿಡಿ ಹಾರಿ ವೈಂಡಿಂಗ್ ಹೋಗುತ್ತದೆ. ಕೊನೆಗೆ ಬಲ್ಬ್ ತೆಗೆದು ನೇರ ಮೇನ್ಸು. ಬಯಾಸ್ ಲೆಕ್ಕ ಬಲ್ಬ್ ಇಲ್ಲದ ಓದಿನಿಂದ ಮಾತ್ರ.

ಹಮ್ ಎರಡು ತರ. 50 ಹರ್ಟ್ಸಿನ ದಪ್ಪ ಮೊರೆತ ಹೀಟರ್ ಅಥವಾ ಗ್ರೌಂಡಿನದು. 100 ಹರ್ಟ್ಸಿನ ಸ್ವಲ್ಪ ಚೂಪಾದ ಗುಂಯ್ ಫಿಲ್ಟರಿನದು, ಇಲ್ಲವೇ ಜೋಡಿ ಸೇರದ 6ವಿ6ನದು. ಮೊದಲ ವಾಲ್ವು ಕಿತ್ತು ನೋಡಿ. ಸದ್ದು ಹೋದರೆ ತಪ್ಪು ಅದರಲ್ಲಿ ಅಥವಾ ಅದರ ಇನ್‌ಪುಟ್ ಕಡೆ, ಉಳಿದರೆ ಎರಡನೆಯದನ್ನು ಕೀಳಿ. ಹೀಟರ್ ವೈರನ್ನು ಹುರಿಯಂತೆ ಬಿಗಿಯಾಗಿ ಹೆಣೆದು ಚಾಸಿಯ ಮೂಲೆಗೆ ಒತ್ತಿ. ಹೀಟರಿನ ಸುರುಳಿಗೆ ಸೆಂಟರ್ ಟ್ಯಾಪ್ (ನಡುವಿನ ತುದಿ) ಇಲ್ಲದಿದ್ದರೆ ಎರಡು 100 ಓಮ್ ರೆಸಿಸ್ಟರಿನಿಂದ ನಡುಬಿಂದು ಮಾಡಿ, ಅದನ್ನು ಚಾಸಿಗೆ ಕೊಡುವ ಬದಲು 6ವಿ6ನ 8ನೇ ಪಿನ್ನಿಗೆ ಕೊಡಿ. ಅಲ್ಲಿಯ 20 ವೋಲ್ಟಿನಷ್ಟು ಹೀಟರ್ ಮೇಲೆದ್ದು 50 ಹರ್ಟ್ಸ್ ಚೆನ್ನಾಗಿ ಇಳಿಯುತ್ತದೆ.

ಗ್ರೌಂಡು: ಹೈ ಟೆನ್ಷನ್ ಸೆಂಟರ್ ಟ್ಯಾಪ್, ಮೊದಲ ಫಿಲ್ಟರ್, 250 ಓಮಿನ ತುದಿ, ಈ ಮೂರು ಟ್ರಾನ್ಸ್‌ಫಾರ್ಮರ್ ಹತ್ತಿರ ಒಂದೇ ಕಡೆ. ಪ್ರೀಆಂಪಿನದು ಇನ್‌ಪುಟ್ ಜ್ಯಾಕಿನ ಹತ್ತಿರ.

ಟೋನ್ ಪೂರ್ತಿ ಏರಿಸಿದಾಗ ಕೀಂಯ್ ಅಂದರೆ 6ವಿ6ನ ಪ್ಲೇಟ್ ವೈರು ಇನ್‌ಪುಟ್ ಕಡೆಗೆ ಹತ್ತಿರ ಇದೆ. ಒಣ ಬಿದಿರು ಕಡ್ಡಿಯಿಂದ ಒಂದೊಂದೇ ವೈರನ್ನು ಮೆಲ್ಲಗೆ ಸರಿಸುತ್ತಾ ಕೇಳಿ, ಒಂದು ಕಡೆ ಸದ್ದು ಥಟ್ಟನೆ ನಿಲ್ಲುತ್ತದೆ. ಬಾಸ್‌ಮನ್ ಕಟ್ಟುವವರು ಕಿರುಚಾಟ ಬಂದರೆ ಔಟ್‌ಪುಟ್ಟಿನ ಎರಡು ಪ್ರೈಮರಿ ವೈರು ಅದಲು ಬದಲು ಮಾಡುತ್ತಾರೆ. ಇಲ್ಲಿ ಫೀಡ್‌ಬ್ಯಾಕ್ ಲೂಪ್ ಇಲ್ಲವಾದ್ದರಿಂದ ಆ ಉಪಾಯ ನಡೆಯದು.

ಕರಾವಳಿ_ಟೋನ್

ವಾಲ್ಯೂಮ್ ಬಗ್ಗೆಯೂ ಹೇಳಿಬಿಡ್ತೇನೆ, ಇಲ್ಲದಿದ್ದರೆ ತಪ್ಪು ಕಟ್ಟಿದೆ ಅಂತ ಬಿಚ್ಚಲು ಕೂರ್ತೀರಿ. ಎರಡು ಚಾನೆಲಿನ ವಾಲ್ಯೂಮ್ ಒಂದೇ ಗ್ರಿಡ್ಡಿಗೆ ಸೇರ್ತದೆ. ಗಿಟಾರ್ ಹಾಕದ ಚಾನೆಲಿನ ವಾಲ್ಯೂಮ್ ತಿರುಗಿಸಿದರೂ ಹಾಕಿದ ಚಾನೆಲಿನ ಸದ್ದು, ಬಣ್ಣ ಎರಡೂ ಬದಲಾಗ್ತದೆ. ಅದು ಈ ಆಂಪಿನ ಗುಣವೇ ಸರಿ, ಮೂರನೇ ಟೋನ್ ಕಂಟ್ರೋಲಿನ ಹಾಗೆ ಬಳಸಿ.

ಪೂರ್ತಿ ಏರಿಸಿದಾಗ ದಪ್ಪ ತಂತಿ ಕೆಸರಿನ ಹಾಗೆ ಕೇಳಿದರೆ ಮೊದಲ ವಾಲ್ವಿನ 0.1 ಕಪ್ಲಿಂಗ್ ಕೆಪಾಸಿಟರನ್ನು 0.022 ಮಾಡಿ. ಫೇಸ್ ಇನ್ವರ್ಟರಿನ ಗ್ರಿಡ್ ಪಿನ್ನಿಗೆ 470 ಕೆ ಸಿರೀಸಲ್ಲಿ ಹಾಕಿದರೆ ಒಡೆದು ಗೊಗ್ಗರಾಗುವುದು ಕಡಿಮೆಯಾಗ್ತದೆ. 12ಎವೈ7 ಜಾಗಕ್ಕೆ 12ಎಎಕ್ಸ್7 ಹಾಕುವವರುಂಟು. ಮೊದಲನೆಯದರ ವರ್ಧನೆಯ ಗುಣಕ 44, ಇದರದು 100. ವಾಲ್ಯೂಮ್ 3ಕ್ಕೇ ಒಡೆಯಲು ಶುರು, ತಿಳಿಯಾದ ಸದ್ದಿಗೆ ಜಾಗ ಉಳಿಯುವುದಿಲ್ಲ. ನಡುವಿನದು ಬೇಕಾದರೆ 5751, ಅದರದು 70.

ಮನೆಯಲ್ಲಿ ಬೆಂಗಳೂರಿನ ಬಿಇಎಲ್ ಕಾರ್ಖಾನೆಯ ಹಳೆಯ ಇಎಲ್84 ಜೋಡಿ ಇದ್ದವರು ಅದನ್ನು ಇದಕ್ಕೆ ತುರುಕಬೇಡಿ, ಸಾಕೆಟ್ಟೇ ಬೇರೆ. ಅದಕ್ಕೆ ಒಪ್ಪುವುದು ಮಾರ್ಷಲಿನ 18 ವ್ಯಾಟ್ ಸರ್ಕ್ಯೂಟು. ಎರಡು ಇಎಲ್84, ರೆಕ್ಟಿಫೈಯರಿಗೆ ಒಂದು ಇಜೆಡ್81. ಒಳ್ಳೆಯ ವಾಲ್ವು ಅವು, ರೇಡಿಯೋ ಗುಜರಿಗೆ ಹೋಗುವ ಮೊದಲು ತೆಗೆದಿಡಿ.

ದಾವಣಗೆರೆ_ಬ್ಲೂಸ್

240ಕ್ಕೆ ಬದಲಿಸಿ ಅಳೆದೆ. ಗೋಡೆ 243, ಹೀಟರ್ 6.4, 3ನೇ ಪಿನ್ 355, 8ನೇ ಪಿನ್ 21.6. ಒಂದು ತಾಸು ನುಡಿಸಿದ್ರೂ ಪ್ಲೇಟ್ ಕೆಂಪಾಗ್ಲಿಲ್ಲ, ಸದ್ದೂ ಮಂಕಾಗ್ಲಿಲ್ಲ. ಹಂಗೇ ಬಿಡಬಹುದೇನ್ರೀ?

ಹಳೇ_ರೇಡಿಯೋ

ಒಂದೊಂದಕ್ಕೆ 13.4 ವ್ಯಾಟ್ ಬಂತು. ಈಗಿನ ವಾಲ್ವಿಗೆ ನಡೆಯುತ್ತದೆ. ಹಳೆಯ ಸ್ಟಾಕಿನ 6ವಿ6 ಹಾಕುವುದಾದರೆ 250 ಓಮಿನ ಜಾಗಕ್ಕೆ 270 ಹಾಕಿ, 13ಕ್ಕಿಂತ ಕೆಳಗೆ ಇಳಿಯುತ್ತದೆ. ಆ ರೆಸಿಸ್ಟರಿಗೆ ಕೂಡಿಸಿದ 25 ಮೈಕ್ರೋಫ್ಯಾರಡ್ ಕೆಪಾಸಿಟರು 25 ವೋಲ್ಟಿನದಿದ್ದರೆ ಅದನ್ನೂ ಬದಲಿಸಿ. ಇಷ್ಟು ದಿನ 24 ವೋಲ್ಟಿನಲ್ಲಿ ಬಿಸಿ ರೆಸಿಸ್ಟರಿಗೆ ಅಂಟಿಕೊಂಡು ಬೆಂದಿರುತ್ತದೆ. 50 ವೋಲ್ಟಿನದು ಹಾಕಿ, ರೆಸಿಸ್ಟರಿನಿಂದ ಒಂದು ಬೆರಳು ದೂರ ಇರಲಿ.

ರಾತ್ರಿ ಹನ್ನೊಂದರ ಮೇಲೆ ಇನ್ನೊಮ್ಮೆ ಇದೇ ನಾಲ್ಕು ಓದು ತೆಗೆಯಿರಿ, ನಿಮ್ಮಲ್ಲಿ ಗೋಡೆಯ ವೋಲ್ಟೇಜು ಆಗ ಎಷ್ಟಕ್ಕೆ ಹೋಗುತ್ತದೆ ನೋಡಬೇಕು. ಎರಡನ್ನೂ ತಾರೀಕಿನ ಸಮೇತ ಕಾಗದದಲ್ಲಿ ಬರೆದು, ಪೆಟ್ಟಿಗೆಯ ಒಳಗೆ ಫೆಂಡರಿನವರು ವಾಲ್ವಿನ ಪಟ್ಟಿ ಅಂಟಿಸುತ್ತಿದ್ದ ಜಾಗದಲ್ಲೇ ಅಂಟಿಸಿ. ಮುಂದೆ ವಾಲ್ವು ಬದಲಿಸುವವರಿಗೆ ಹೋಲಿಸಲು ಬೇಕಾಗುತ್ತದೆ.